ಕೈಯಲ್ಲಿ ಮಾಡಿದ ಫ್ರೇಮುಗಳಿಗೆ ಅಳತೆಗೆ ತಕ್ಕ ಸ್ಟ್ಯಾಂಡ್ ಬ್ಯಾಕ್ ಎಲ್ಲಿ ಮಾಡಿಸೋದು?

ಸ್ಟ್ಯಾಂಡ್ ಬ್ಯಾಕ್ ಅಂದ್ರೆ ಫೋಟೊ ಹಿಂದಿನ ಹಲಗೆ, ಫ್ರೇಮು ಮೇಜಿನ ಮೇಲೆ ನಿಲ್ಲೋಕೆ ಅದಕ್ಕೆ ಹಿಂಜಿನಲ್ಲಿ (ಕೀಲಿನಲ್ಲಿ) ಜೋಡಿಸಿದ ಒಂದು ಕಾಲು ಇರುತ್ತೆ. ಬ್ಯಾಕ್ ಮಾಡಿಸೋ ಯೋಚನೆ ಬಿಡಿ. ಬ್ಯಾಕ್ ಯಾರು ಬೇಕಾದ್ರೂ ಕತ್ತರಿಸ್ತಾರೆ, ನಿಮಗೆ ಬೇಕಿರೋದು ಸರಿಯಾದ ಕಾಲು.

ನಾನು ತುಮಕೂರಿನವನು. ಹಳೇ ಮನೆ ಕೆಡವಿದಾಗ ಸಿಗೋ ತೇಗ, ಹಲಸಿನ ಮರದಲ್ಲಿ ಫ್ರೇಮ್ ಮಾಡ್ತೀನಿ. ಮಂಡಿಪೇಟೆಯಿಂದ ಹಿಡಿದು ಬೆಂಗಳೂರಿನ ಅವೆನ್ಯೂ ರಸ್ತೆವರೆಗೆ ಇದೇ ಪ್ರಶ್ನೆ ಹಿಡ್ಕೊಂಡು ಅಲೆದಿದ್ದೀನಿ. ಫೋಟೊಗೆ ಕಟ್ಟು ಹಾಕೋ ಅಂಗಡಿಗಳಲ್ಲಿ ಒಂದೇ ಉತ್ತರ: 'ರೆಡಿ ಸೈಜ್ ಇದೆ ತಗೊಳಿ, ಬೇರೆ ಅಳತೆ ಅಂದ್ರೆ ನೂರು ಪೀಸ್ ಆರ್ಡರ್ ಕೊಡಬೇಕು.' ನಾನು ರೆಡಿ ಸೈಜೇ ತಗೊಂಡೆ.

ಅದು ಗೃಹಪ್ರವೇಶದ ಆರ್ಡರ್. 2019ರ ಜನವರಿಯಲ್ಲಿ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದ ಮೇಲೆ ನಮ್ಮ ಕಡೆ ಅವರ ಫೋಟೊ ಕೇಳ್ಕೊಂಡು ಬರೋರು ಜಾಸ್ತಿಯಾಗಿದ್ರು. ಬಂದ ನೆಂಟರಿಗೆಲ್ಲ ಬುದ್ಧಿಯವರ ಫೋಟೊ, ಮೇಜಿನ ಮೇಲೆ ನಿಲ್ಲೋ ಹಾಗೆ ಕೊಡಬೇಕು ಅಂತ ಆ ಮನೆಯವರ ಆಸೆ. ಬ್ಯಾಕು ಫ್ರೇಮಿನೊಳಗೆ ಅಳತೆ ಮಾಡಿಸಿದಂಗೆ ಕೂತ್ಕೊಂತು. ಖುಷಿಯಾಗಿ ಕೊಟ್ಟು ಬಂದೆ.

ಹಾಲು ಉಕ್ಕಿಸಿದ ಮೇಲೆ ಫೋಟೊಗಳನ್ನ ಮೇಜಿನ ಮೇಲೆ ಸಾಲಾಗಿ ಜೋಡಿಸಿದ್ರು. ಎಲ್ಲಾನೂ ಆರಾಮ ಕುರ್ಚೀಲಿ ಒರಗಿದ ಹಾಗೆ ಹಿಂದಕ್ಕೆ ವಾಲಿದ್ವು. ಶಾಮಿಯಾನದವರ ಫ್ಯಾನ್ ಆ ಕಡೆ ತಿರುಗಿದ್ದೇ ತಡ, ಒಂದೊಂದೇ ಅಂಗಾತ ಬಿದ್ವು. ತುದಿಯಲ್ಲಿದ್ದದ್ದು ನೆಲಕ್ಕೆ ಹೋಗಿ ಗಾಜು ಚೂರಾಯ್ತು. ಆ ಮನೆ ಅಜ್ಜಿ ಬೈಯಲಿಲ್ಲ. 'ಇವತ್ತೇ ಒಡೀಬೇಕಿತ್ತೇನಪ್ಪಾ' ಅಂದ್ರು, ಅಷ್ಟೇ. ಬಾಕಿ ದುಡ್ಡು ಕೇಳೋಕೆ ಮುಖ ಇರ್ಲಿಲ್ಲ.

ಯಾಕೆ ಬಿತ್ತು ಅನ್ನೋದನ್ನ ಸ್ವಲ್ಪ ಎಳೆದೇ ಹೇಳ್ತೀನಿ. ರೆಡಿ ಬ್ಯಾಕಿನ ಕಾಲು ಬ್ಯಾಕಿನ ಉದ್ದಕ್ಕೆ ಸರಿಯಾಗಿರುತ್ತೆ, ಯಾಕಂದ್ರೆ ಅದನ್ನ ಮಾಡಿರೋದೇ ಸಣ್ಣ ಸಿಂಥೆಟಿಕ್ ಬೀಡಿಂಗಿಗೆ, ಅಂದ್ರೆ ಕಿರಿದಾದ ಫ್ರೇಮ್ ಪಟ್ಟಿಗೆ. ನನ್ನ ಮರದ ಪಟ್ಟಿ ಒಂದೂವರೆ ಇಂಚು ಅಗಲ. ಗಾಜು ಕೂರೋಕೆ ಒಳಗಡೆ ಕೊರೆದ ಕಾಲಿಂಚು ಕಳೆದ್ರೂ ಬ್ಯಾಕು ಮುಗಿದ ಮೇಲೆ ಫ್ರೇಮು ಇನ್ನೂ ಒಂದೂಕಾಲು ಇಂಚು ಕೆಳಗಿರುತ್ತೆ. ಹಿಂಜಿನಿಂದ ಬ್ಯಾಕಿನ ತುದಿಗೆ 6 ಇಂಚು, ಕಾಲೂ 6 ಇಂಚು. ಆದ್ರೆ ಹಿಂಜಿನಿಂದ ಫ್ರೇಮಿನ ಅಡಿಗೆ ಏಳೂಕಾಲು. ಈ ಅಳತೇಲಿ ಕಾಲನ್ನ ಎಷ್ಟೇ ಅಗಲಿಸಿ, ಫ್ರೇಮು ಕಮ್ಮಿ ಅಂದ್ರೂ 34 ಡಿಗ್ರಿ ಹಿಂದಕ್ಕೆ ವಾಲೇ ವಾಲುತ್ತೆ. ನಾನು ಮಾಡಿದ ಘನಕಾರ್ಯ ಏನು ಗೊತ್ತಾ? ವಾಲೋದು ಕಣ್ಣಿಗೆ ಕಾಣ್ತಿತ್ತು, ಕಾಲು ತೀರಾ ಅಗಲದ ಹಾಗೆ ಬ್ಯಾಕಿಗೂ ಕಾಲಿಗೂ ನಡುವೆ ಕಟ್ಟಿರೋ ರಿಬ್ಬನ್ ಗಿಡ್ಡ ಮಾಡಿದ್ರೆ ನೆಟ್ಟಗಾಗುತ್ತೆ ಅಂದ್ಕೊಂಡೆ. ಕಾಲು ಗಿಡ್ಡ ಇದ್ದಾಗ ಅದು ಉಲ್ಟಾ. ಕಾಲಿನ ತುದಿ ಫ್ರೇಮಿನ ಹತ್ತಿರಕ್ಕೆ ಬಂತು, ಫ್ರೇಮಿನ ಭಾರ ಆ ತುದಿ ದಾಟೋ ಮಟ್ಟಕ್ಕೆ ಹೋಯ್ತು. ಗಾಳಿ ಬರೀ ನೆಪ.

ಹಾಗಾಗಿ ಅಳತೆ ತಗೊಳ್ಳೋದು ಹಿಂಜಿನಿಂದ ಫ್ರೇಮಿನ ಹೊರ ಅಡಿವರೆಗೆ. ಅದು 8 ಇಂಚು ಇದ್ರೆ ಕಾಲೂ 8 ಇಂಚು. ಕಾಲಿನ ತುದಿ ಫ್ರೇಮಿನ ಅಡಿಯಿಂದ 4 ಇಂಚು ಹಿಂದಕ್ಕೆ ಬರೋ ಹಾಗೆ ರಿಬ್ಬನ್ ಕಟ್ಟಿದ್ರೆ ಸುಮಾರು 15 ಡಿಗ್ರಿ ಒರಗಿ ನಿಲ್ಲುತ್ತೆ. ನೋಡೋಕೂ ಚೆಂದ, ಬೀಳೋದೂ ಇಲ್ಲ. ರಿಬ್ಬನ್‌ಗೆ ಲಂಗದ ಹತ್ತಿ ಲಾಡಿನೇ ಸಾಕು, ಸ್ಯಾಟಿನ್ ಬೇಡ, ಅಂಟು ಹಿಡಿಯಲ್ಲ.

ಬ್ಯಾಕು 3 ಮಿ.ಮೀ. ಎಂಡಿಎಫ್, ಅಂದ್ರೆ ಮರದ ನಾರು ಒತ್ತಿ ಮಾಡಿದ ಹಲಗೆ. ಕೈಕೆಲಸದ ಫ್ರೇಮು ಒಂದರಂತೆ ಒಂದಿರಲ್ಲ, ಅದಕ್ಕೇ ನೂರು ಬ್ಯಾಕ್ ಒಂದೇ ಅಳತೇಲಿ ಮಾಡಿಸಿದ್ರೆ ಅರ್ಧಕ್ಕರ್ಧ ಉಜ್ಜೋ ಕೆಲಸ. ಕಾಲುಗಳನ್ನ ಮಾತ್ರ ನೇಮ್‌ಬೋರ್ಡ್ ಮಾಡೋ ಲೇಸರ್ ಕಟಿಂಗ್‌ನವರ ಹತ್ರ ಒಟ್ಟಿಗೆ ಕೊಯ್ಸಿ, ಬ್ಯಾಕನ್ನ ಆಯಾ ಫ್ರೇಮಿಗೆ ಮನೇಲೇ ಕತ್ತರಿಸ್ಕೊಳಿ. ಒಂದು ಇಂಚಿನ ಹಿಂಜಿಗೆ ಸ್ಕ್ರೂ ಹಾಕ್ಬೇಡಿ. 3 ಮಿ.ಮೀ.ನಲ್ಲಿ ಅದು ಕಚ್ಚಲ್ಲ, ಉದ್ದ ಆದ್ರೆ ಫೋಟೊಗೆ ಚುಚ್ಚುತ್ತೆ. ಪಾಪ್ ರಿವೆಟ್ (ರಿವೆಟ್ ಗನ್ನಿಂದ ಎಳೆದು ಬಿಗಿಯೋ ಲೋಹದ ಮೊಳೆ) ಹೊಡೀರಿ, ಚಪ್ಪಟೆ ತಲೆ ಫೋಟೊ ಕಡೆ, ಬಾಲ ಹಿಂಜಿನ ಕಡೆ, ಫೋಟೊಗೂ ಬ್ಯಾಕಿಗೂ ನಡುವೆ ಒಂದು ದಪ್ಪ ಕಾಗದ. ಪುಟ್ಟ ಫ್ರೇಮಿಗೆ ಹಿಂಜೂ ಬೇಡ, ಪುಸ್ತಕ ಬೈಂಡ್ ಮಾಡೋ ಕ್ಯಾಲಿಕೊ ಬಟ್ಟೆನ ಫೆವಿಕಾಲ್ ಹಾಕಿ ಅಂಟಿಸಿದ್ರೆ ನಡೆಯುತ್ತೆ.

12 ಇಂಚಿಗಿಂತ ಎತ್ತರದ ಹಲಸಿನ ಫ್ರೇಮಿಗೆ ಗಾಜು ಹಾಕಿ ಸ್ಟ್ಯಾಂಡ್ ಕೇಳಿದ್ರೆ ನಾನು ಒಪ್ಪಲ್ಲ, ಗೋಡೆಗೆ ಹಾಕ್ಕೊಳಿ ಅಂತೀನಿ. ತೀರಾ ಹಠ ಹಿಡಿದ್ರೆ ಅಕ್ರಿಲಿಕ್ ಹಾಕಿ ಕೊಡ್ತೀನಿ. ಅದೇ ದಪ್ಪಕ್ಕೆ ಗಾಜಿನ ಅರ್ಧದಷ್ಟೇ ತೂಕ. ಗೀರು ಬೇಗ ಬೀಳುತ್ತೆ ಅನ್ನೋದನ್ನ ಮಾತ್ರ ಗಿರಾಕಿಗೆ ಮೊದಲೇ ಹೇಳ್ಬಿಡಿ.