ವ್ಯಾಲಿಡೇಶನ್ (ಸೇವ್‌ಗೆ ಮೊದಲು ಮಾಹಿತಿ ಸರಿಯಿದೆಯಾ ಅನ್ನೋ ಪರೀಕ್ಷೆ) ಬರೆದಿದ್ದರೂ ಒಂದೇ ತೂಕದ ಚೀಟಿ ಎರಡು ಸಲ ಸೇವ್ ಆಗ್ತಿದೆ. ಸೇವ್ ಮೆಥಡ್‌ನಲ್ಲೇ ಫುಲ್ ಕ್ಲೀನ್ (ಎಲ್ಲ ಪರೀಕ್ಷೆಗಳನ್ನೂ ನಡೆಸುವ ಮೆಥಡ್) ಕರೆದರೆ ಸರಿಹೋಗುತ್ತಾ?

ಸರಿಹೋಗಲ್ಲ. ಚಿಕ್ಕಮಗಳೂರಿನ ಕಾಫಿ ಖರೀದಿ ಲೆಕ್ಕ, ಜಾಂಗೊ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್), ಪೋಸ್ಟ್‌ಗ್ರೆಸ್ ಡೇಟಾಬೇಸ್, ಕ್ಲೀನ್ ಮೆಥಡ್ ಒಳಗೆ "ಈ ಚೀಟಿ ನಂಬರ್ ಮೊದಲೇ ಇದೆಯಾ" ಅನ್ನೋ ಪರೀಕ್ಷೆ ಅಂತ ಬರೆದಿದ್ದೀರಿ. ಇಂಥದ್ದೇ ಖರೀದಿ ತಂತ್ರಾಂಶದಲ್ಲಿ ನಾನೂ ಕೆಲಸ ಮಾಡಿದ್ದೇನೆ. ಆ ಪರೀಕ್ಷೆಯನ್ನು ಎಲ್ಲಿಗೆ ಸರಿಸಿದರೂ ಫಲಿತಾಂಶ ಇದೇ.

ಒಂದು ಚೀಟಿ ಹೋಗುವ ದಾರಿ ನೋಡಿ. ಮೂಡಿಗೆರೆ ಕಡೆಯ ಗೋದಾಮು, ನೆಟ್‌ವರ್ಕ್ ಬಂದು ಹೋಗ್ತಾ ಇರುತ್ತೆ. ಚೀಟಿ ನಂಬರ್ 412, ರೋಬಸ್ಟಾ ಚೆರಿ, 38 ಮೂಟೆ, 1,900 ಕೆಜಿ. ರೈಟರ್ (ಲೆಕ್ಕ ಬರೆಯುವವರು) ಸೇವ್ ಬಟನ್ ಒತ್ತುತ್ತಾರೆ, ಪರದೆ ಹಾಗೇ ನಿಂತಿರುತ್ತೆ, ಇನ್ನೊಮ್ಮೆ ಒತ್ತುತ್ತಾರೆ. ಎರಡು ರಿಕ್ವೆಸ್ಟ್ ಸರ್ವರಿನ ಎರಡು ಬೇರೆ ವರ್ಕರ್‌ಗಳಿಗೆ (ಒಟ್ಟಿಗೆ ಕೆಲಸ ಮಾಡುವ ಪ್ರೋಸೆಸ್‌ಗಳಿಗೆ) ಹೋಗುತ್ತವೆ. ಮೊದಲನೆಯದು ಕೇಳುತ್ತೆ: 412 ಇದೆಯಾ? ಇಲ್ಲ. ಅದು ಇನ್ಸರ್ಟ್ ಮಾಡಿ ಕಮಿಟ್ (ಬರೆದದ್ದು ಖಾಯಂ) ಆಗುವ ಮೊದಲೇ ಎರಡನೆಯದೂ ಕೇಳುತ್ತೆ: 412 ಇದೆಯಾ? ಅದಕ್ಕೂ ಸಿಗುವ ಉತ್ತರ ಇಲ್ಲ ಅಂತಲೇ. ಎರಡೂ ಸೇವ್ ಆಗುತ್ತವೆ. ರಿಕ್ವೆಸ್ಟ್ ನಿಭಾಯಿಸುವ ವ್ಯೂವನ್ನು ಅಟಾಮಿಕ್ (ಎಲ್ಲವೂ ಒಂದೇ ಟ್ರಾನ್ಸಾಕ್ಷನ್) ಒಳಗೆ ಹಾಕಿದರೂ ಪ್ರಯೋಜನವಿಲ್ಲ. ಪೋಸ್ಟ್‌ಗ್ರೆಸ್‌ನ ಡೀಫಾಲ್ಟ್ ಐಸೊಲೇಶನ್ ರೀಡ್ ಕಮಿಟೆಡ್, ಅಂದರೆ ಬೇರೆಯವರು ಕಮಿಟ್ ಮಾಡದ ಸಾಲು ನಿಮಗೆ ಕಾಣುವುದೇ ಇಲ್ಲ. ಬೆಳೆಗಾರರ ಖಾತೆಯಲ್ಲಿ ಈಗ 3,800 ಕೆಜಿ ಇದೆ. 50 ಕೆಜಿ ಮೂಟೆಯ ರೇಟಿನಲ್ಲಿ 76 ಮೂಟೆಗೆ ಹಣ ಹೋಗುತ್ತೆ. ಕೊಯ್ಲಿನ ಭರಾಟೆಯಲ್ಲಿ ಇದನ್ನು ಯಾರೂ ಗಮನಿಸಲ್ಲ, ವರ್ಷದ ಕೊನೆಗೆ ಗೋದಾಮಿನ ದಾಸ್ತಾನು ತಾಳೆಯಾಗದಿದ್ದಾಗಲೇ ಗೊತ್ತಾಗೋದು.

"ಇದೆಯಾ" ಅಂತ ಕೇಳುವುದಕ್ಕೂ "ಬರೆ" ಅನ್ನುವುದಕ್ಕೂ ನಡುವೆ ಸಂದು ಇರುವವರೆಗೂ ಇದು ಆಗಿಯೇ ಆಗುತ್ತೆ. ಜಾಂಗೊದ ಗೆಟ್ ಆರ್ ಕ್ರಿಯೇಟ್‌ನಲ್ಲೂ, ರೈಲ್ಸ್ ಅನ್ನೋ ಇನ್ನೊಂದು ಫ್ರೇಮ್‌ವರ್ಕಿನ ಯೂನಿಕ್‌ನೆಸ್ ವ್ಯಾಲಿಡೇಶನ್‌ನಲ್ಲೂ ಇದೇ ಸಂದು ಇದೆ. ಆ ಸಂದು ಮುಚ್ಚುವುದು ಡೇಟಾಬೇಸಿನ ಯೂನಿಕ್ ಕನ್‌ಸ್ಟ್ರೇಂಟ್, ಅಂದರೆ ಒಂದೇ ಮೌಲ್ಯದ ಎರಡು ಸಾಲನ್ನು ಬಿಡದ ನಿಯಮ. ಮಾಡೆಲ್‌ನ ಮೆಟಾ ಕ್ಲಾಸ್ ಒಳಗೆ ಶಾಖೆ, ಹಂಗಾಮು, ಚೀಟಿ ನಂಬರ್ ಮೂರನ್ನೂ ಸೇರಿಸಿ ಒಂದು ಯೂನಿಕ್ ಕನ್‌ಸ್ಟ್ರೇಂಟ್ ಹಾಕಿ. ನಂಬರ್ ಒಂದನ್ನೇ ಯೂನಿಕ್ ಮಾಡಬೇಡಿ, ಸಕಲೇಶಪುರದ ಚೀಟಿ ಪುಸ್ತಕದಲ್ಲೂ 412 ಇರುತ್ತೆ. ಈ ಮೂರರಲ್ಲಿ ಯಾವುದಕ್ಕೂ ನಲ್ (ಖಾಲಿ ಮೌಲ್ಯ) ಬಿಡಬೇಡಿ. ಎರಡು ನಲ್‌ಗಳನ್ನು ಪೋಸ್ಟ್‌ಗ್ರೆಸ್ ಡೀಫಾಲ್ಟ್ ಆಗಿ ಒಂದೇ ಅಂತ ಎಣಿಸಲ್ಲ, ಹಂಗಾಮು ಖಾಲಿ ಬಿಟ್ಟ ಚೀಟಿಗಳು ಎಷ್ಟು ಬೇಕಾದರೂ ನುಸುಳುತ್ತವೆ.

ಇಷ್ಟಾದ ಮೇಲೆ ಎರಡನೇ ರಿಕ್ವೆಸ್ಟ್‌ಗೆ ಇಂಟೆಗ್ರಿಟಿ ಎರರ್ ಬರುತ್ತೆ. ಬರಲೇಬೇಕು. ಅದನ್ನು ಹಿಡಿಯುವಾಗ ಸೇವ್ ಸಾಲಿಗೆ ಮಾತ್ರ ಒಳಗೊಂದು ಅಟಾಮಿಕ್ ಬ್ಲಾಕ್ ಸುತ್ತಿ, ಎರರ್ ಹಿಡಿಯುವ ಎಕ್ಸೆಪ್ಟ್ ಆ ಬ್ಲಾಕಿನ ಹೊರಗಿರಲಿ. ಒಳಗಿನ ಅಟಾಮಿಕ್ ಸೇವ್‌ಪಾಯಿಂಟ್ (ಅಲ್ಲಿಗಷ್ಟೇ ಹಿಂದೆ ಸರಿಯಬಹುದಾದ ಗುರುತು) ಇಡುತ್ತೆ. ಅದಿಲ್ಲದೆ ಹಿಡಿದರೆ ಹೊರಗಿನ ಟ್ರಾನ್ಸಾಕ್ಷನ್ ಕೆಟ್ಟು, ಮುಂದಿನ ಪ್ರತಿ ಕ್ವೆರಿಯೂ ಎರರ್ ಕೊಡುತ್ತೆ. ಹಿಡಿದ ನಂತರ ಇರುವ 412 ಅನ್ನು ತೆಗೆದು ನೋಡಿ. ಬೆಳೆಗಾರ, ತೂಕ, ಮಾಲಿನ ಬಗೆ ಎಲ್ಲ ಒಂದೇ ಆಗಿದ್ದರೆ ಅದೇ ಚೀಟಿಯನ್ನು ತೋರಿಸಿ, ರೈಟರ್‌ಗೆ ಎರರ್ ತೋರಿಸಿ ಗಾಬರಿ ಮಾಡಬೇಡಿ. ವಿವರ ಬೇರೆಯಿದ್ದರೆ ಮಾತ್ರ "ಈ ನಂಬರ್ ಆಗಲೇ ಬಳಕೆಯಾಗಿದೆ" ಅನ್ನಿ.

ಚೀಟಿ ನಂಬರನ್ನು ಸರ್ವರೇ ಕೊಡುವ ಹಾಗಿದ್ದರೆ ಮೇಲಿನ ಕನ್‌ಸ್ಟ್ರೇಂಟ್ ಸಾಲದು, ಎರಡು ಒತ್ತಿಗೆ 412, 413 ಎರಡೂ ಹುಟ್ಟುತ್ತವೆ. ಆಗ ಫಾರ್ಮ್ ತೆರೆಯುವಾಗಲೇ ಒಂದು ಯುಯುಐಡಿ (ಮತ್ತೆ ಬಾರದಂಥ ಗುರುತು ಸಂಖ್ಯೆ) ಹುಟ್ಟಿಸಿ ಹಿಡನ್ ಫೀಲ್ಡ್‌ನಲ್ಲಿಟ್ಟು, ಆ ಕಾಲಮ್ಮಿಗೆ ಯೂನಿಕ್ ಹಾಕಿ.

ಈಗ ನಿಮ್ಮ ಫುಲ್ ಕ್ಲೀನ್. ಜಾಂಗೊದ ಸೇವ್ ತಾನಾಗಿ ಫುಲ್ ಕ್ಲೀನ್ ಕರೆಯಲ್ಲ, ಮಾಡೆಲ್‌ಫಾರ್ಮ್ ಕರೆಯುತ್ತೆ. ನೀವು ಸೇವ್ ಒಳಗೂ ಕರೆದರೆ ಫಾರ್ಮಿನಿಂದ ಬಂದ ಪ್ರತಿ ದಾಖಲೆಗೂ ಪರೀಕ್ಷೆ ಎರಡು ಸಲ ನಡೆಯುತ್ತೆ. ಅಷ್ಟು ಮಾಡಿಯೂ ಹಲವು ಸಾಲನ್ನು ಒಟ್ಟಿಗೆ ಬದಲಿಸುವ ಬಲ್ಕ್ ಕ್ರಿಯೇಟ್ ಮತ್ತು ಕ್ವೆರಿಸೆಟ್ ಅಪ್‌ಡೇಟ್ ಸೇವ್ ಹತ್ತಿರ ಸುಳಿಯುವುದೇ ಇಲ್ಲ. ಎಕ್ಸೆಲ್‌ನಿಂದ ಹಳೇ ಚೀಟಿ ತುಂಬುವಾಗ ಬಳಸುವುದು ಅವನ್ನೇ ಅಲ್ಲವೇ?

ಎಲ್ಲ ವ್ಯಾಲಿಡೇಶನ್ನೂ ಒಂದೇ ಕಡೆ ಇರಬೇಕು ಅನ್ನುವ ಹಟವನ್ನೇ ಬಿಡಿ. ಎಂದೂ ಸುಳ್ಳಾಗಬಾರದ ಮಾತು ಡೇಟಾಬೇಸಿಗೆ: ನಿವ್ವಳ ತೂಕ ಸೊನ್ನೆಗಿಂತ ಹೆಚ್ಚು, ಔಟ್‌ಟರ್ನ್ (ಚೆರಿಯಿಂದ ಸಿಗುವ ಕಾಳಿನ ಪಾಲು) ಶೇಕಡಾ 0ರಿಂದ 100ರೊಳಗೆ. ಇವಕ್ಕೆ ಚೆಕ್ ಕನ್‌ಸ್ಟ್ರೇಂಟ್ ಹಾಕಿ, ನಲ್ ಬಂದರೆ ಚೆಕ್ ಕೂಡ ಸುಮ್ಮನೆ ಬಿಟ್ಟುಬಿಡುತ್ತೆ ಅನ್ನೋದು ನೆನಪಿರಲಿ. "ಸಾಮಾನ್ಯವಾಗಿ ಹೀಗಿರಲ್ಲ" ಅನ್ನುವಂಥದ್ದು, ಉದಾಹರಣೆಗೆ ಒಂದು ಮೂಟೆಗೆ 70 ಕೆಜಿ ಬಿದ್ದದ್ದು, ಫಾರ್ಮಿನಲ್ಲಿ ಎಚ್ಚರಿಕೆಯಾಗಿ ಮಾತ್ರ ಇರಲಿ. ಅಂಥದ್ದನ್ನು ತಡೆದು ನಿಲ್ಲಿಸಿದರೆ ರೈಟರ್ ಸುಳ್ಳು ತೂಕ ಹಾಕಿ ಮುಂದೆ ಹೋಗುತ್ತಾರೆ.

ಕನ್ನಡದಲ್ಲಿ ಟೈಪ್ ಮಾಡುವ ನಮ್ಮವರಿಗೆ ಬೇಕಾದ ಇನ್ನೊಂದು ವಿಷಯವಿದೆ. ಪೈಥಾನ್ ರೆಜೆಕ್ಸ್‌ನಲ್ಲಿ (ಅಕ್ಷರಗಳ ಮಾದರಿ ಹೊಂದಿಸಿ ನೋಡುವ ಬರಹ) ಅಂಕಿಯನ್ನು ಸೂಚಿಸುವ ಬ್ಯಾಕ್‌ಸ್ಲ್ಯಾಶ್ ಡಿ ಕನ್ನಡ ಅಂಕಿಗೂ ಹೊಂದುತ್ತೆ. ಪಿನ್‌ಕೋಡ್ 577101 ಅಂತ ಹೊಡೆದರೂ ೫೭೭೧೦೧ ಅಂತ ಹೊಡೆದರೂ ಪರೀಕ್ಷೆ ಪಾಸು, ಆದರೆ ಡೇಟಾಬೇಸಿಗೆ ಅವು ಎರಡು ಬೇರೆ ಅಕ್ಷರಸಾಲು. ಅಕ್ಷರ ಮಿಶ್ರಿತ ಚೀಟಿ ನಂಬರಿಗೂ ಇದೇ ಗತಿ. ಊರಿನ ಹೆಸರೂ ಅಷ್ಟೆ: "ಕೊಪ್ಪ"ದ ಕೊ ಒಂದೇ ಸ್ವರಚಿಹ್ನೆಯಾಗಿಯೂ ಬರಬಹುದು, ಎರಡು ತುಂಡಾಗಿಯೂ ಬರಬಹುದು, ಕಣ್ಣಿಗೆ ವ್ಯತ್ಯಾಸ ಕಾಣಲ್ಲ. ಹಾಗಾಗಿ ಪರೀಕ್ಷೆಗೆ ಮೊದಲು ಅಂಕಿಗಳನ್ನು 0ರಿಂದ 9ಕ್ಕೆ ತನ್ನಿ, ತುಂಡುಗಳನ್ನು ಒಂದಾಗಿಸುವ ಯೂನಿಕೋಡ್ ಎನ್‌ಎಫ್‌ಸಿ ರೂಪಕ್ಕೆ ತನ್ನಿ, ಆಚೀಚೆಯ ಸ್ಪೇಸ್ ಕಳೆಯಿರಿ. ಕಣ್ಣಿಗೆ ಕಾಣದ ಜಾಯ್ನರ್ ಅಕ್ಷರಗಳು ಸ್ಪೇಸ್ ಕಳೆಯುವ ಸ್ಟ್ರಿಪ್‌ಗಾಗಲಿ ಎನ್‌ಎಫ್‌ಸಿಗಾಗಲಿ ಹೋಗಲ್ಲ. ಚೀಟಿ ನಂಬರಿನಲ್ಲಿ ಅವನ್ನು ನೀವೇ ತೆಗೆಯಬೇಕು, ಹೆಸರುಗಳಲ್ಲಿ ಬರಹಕ್ಕೆ ಬೇಕಾಗಿರುತ್ತವೆ, ಮುಟ್ಟಬೇಡಿ.

ಈಗಾಗಲೇ ಜೋಡಿ ಚೀಟಿಗಳಿರುವುದರಿಂದ ಮೈಗ್ರೇಶನ್ (ಕನ್‌ಸ್ಟ್ರೇಂಟನ್ನು ಡೇಟಾಬೇಸಿಗೆ ಹಾಕುವ ಹೆಜ್ಜೆ) ಮೊದಲ ಸಲ ಫೇಲ್ ಆಗುತ್ತೆ. ಮೂರು ಕಾಲಮ್ಮಿನ ಮೇಲೆ ಗ್ರೂಪ್ ಮಾಡಿ ಒಂದಕ್ಕಿಂತ ಹೆಚ್ಚಿರುವುದನ್ನು ಪಟ್ಟಿ ಮಾಡಿ, ಗೋದಾಮಿನ ಕಾಗದದ ಪುಸ್ತಕದ ಜೊತೆ ತಾಳೆ ನೋಡಿ. ಡಿಲೀಟ್ ಮಾಡಬೇಡಿ, ಅದರ ಮೇಲೆ ಹಣ ಪಾವತಿಯಾಗಿರಬಹುದು. "ರದ್ದು" ಅಂತ ಒಂದು ಬೂಲಿಯನ್ (ಹೌದು/ಇಲ್ಲ) ಕಾಲಮ್ ಸೇರಿಸಿ, ರದ್ದಾಗದ ಚೀಟಿಗಳಿಗೆ ಮಾತ್ರ ಅನ್ವಯಿಸುವಂತೆ ಕನ್‌ಸ್ಟ್ರೇಂಟಿಗೆ ಕಂಡಿಶನ್ ಕೊಡಿ. ಪೋಸ್ಟ್‌ಗ್ರೆಸ್ ಇದನ್ನು ಒಪ್ಪುತ್ತೆ, ಮೈಎಸ್‌ಕ್ಯೂಎಲ್‌ನಲ್ಲಿ ಆಗಲ್ಲ.

ಕೊನೆಗೆ ಪರೀಕ್ಷಿಸುವಾಗ ಬ್ರೌಸರ್‌ನಲ್ಲಿ ಎರಡು ಸಲ ಒತ್ತಿ ನೋಡಿದರೆ ಸಾಲದು, ಲ್ಯಾಪ್‌ಟಾಪಿನಲ್ಲಿ ಎಲ್ಲವೂ ಬೇಗ ಮುಗಿಯುತ್ತೆ. ಡೇಟಾಬೇಸ್ ಶೆಲ್ ಎರಡು ಕಿಟಕಿಯಲ್ಲಿ ತೆರೆದು, ಎರಡರಲ್ಲೂ ಟ್ರಾನ್ಸಾಕ್ಷನ್ ಶುರು ಮಾಡುವ ಬಿಗಿನ್ ಕೊಟ್ಟು, ಒಂದೇ ಚೀಟಿಯನ್ನು ಇನ್ಸರ್ಟ್ ಮಾಡಿ. ಎರಡನೇ ಕಿಟಕಿ ಕಾಯುತ್ತಾ ನಿಲ್ಲಬೇಕು, ಮೊದಲನೆಯದರಲ್ಲಿ ಕಮಿಟ್ ಕೊಟ್ಟ ಕೂಡಲೇ ಎರರ್ ತೋರಿಸಬೇಕು.