ಮೆತ್ತನೆಯ ಸೀಟು ಹಾಕಿದರೂ ಗಾಯ ಏಕೆ?

ಪ್ರಶ್ನೆ: ಮೇಡಂ, ಸೈಕಲ್‌ನಲ್ಲಿ ದೂರದ ಪ್ರವಾಸ ಹೊರಟಿದ್ದೆ, ದಿನಕ್ಕೆ 80–90 ಕಿ.ಮೀ. ಮೂರನೇ ದಿನವೇ ಕೂರುವ ಜಾಗದಲ್ಲಿ ಉರಿ ಶುರುವಾಯಿತು. ಆಮೇಲೆ ಬಲಗಡೆ ಚರ್ಮ ತರಚಿ, ಪಕ್ಕದಲ್ಲೇ ಗಟ್ಟಿ ಗುಳ್ಳೆಯೊಂದು ಎದ್ದಿತು. ಜೆಲ್ ಕವರ್ ಹಾಕಿದೆ, ಪೌಡರ್ ಹಚ್ಚಿದೆ. ಏನೂ ಪ್ರಯೋಜನವಾಗದೆ ಅರ್ಧಕ್ಕೇ ವಾಪಸ್ ಬಂದೆ. ಗುಳ್ಳೆ ಇನ್ನೂ ಹೋಗಿಲ್ಲ. ಅಭ್ಯಾಸ ಆದರೆ ಸರಿಹೋಗುತ್ತೆ ಎಂದು ಗೆಳೆಯರು ಹೇಳುತ್ತಾರೆ, ನಿಜವಾ? ದಯವಿಟ್ಟು ಹೆಸರು ಹಾಕಬೇಡಿ.

ಉತ್ತರ: ಹೆಸರು ಹಾಕಿಲ್ಲ, ಆದರೆ ಇದರಲ್ಲಿ ನಾಚಿಕೆ ಪಡುವಂಥದ್ದೇನಿದೆ? ಐರ್ಲೆಂಡಿನ ವೃತ್ತಿಪರ ಸೈಕ್ಲಿಸ್ಟ್ ಷಾನ್ ಕೆಲ್ಲಿ 1987ರಲ್ಲಿ ಸ್ಪೇನಿನ ದೊಡ್ಡ ಸೈಕಲ್ ರೇಸ್ ವುವೆಲ್ಟಾದಲ್ಲಿ ಎಲ್ಲರಿಗಿಂತ ಮುಂದಿದ್ದಾಗಲೇ ಇಂಥದ್ದೇ ಹುಣ್ಣಿನಿಂದ ರೇಸ್ ಬಿಟ್ಟು ಇಳಿಯಬೇಕಾಯಿತು. ಅವರಿಗೆ ಅಭ್ಯಾಸ ಕಮ್ಮಿ ಇತ್ತು ಅನ್ನೋಕಾಗುತ್ತಾ? ನಿಮ್ಮ ಗೆಳೆಯರಿಗೆ ಇದನ್ನು ಹೇಳಿ. ಹೊಸದಾಗಿ ತುಳಿಯುವವರಿಗೆ ಕೂರುವ ಮೂಳೆಯ ಹತ್ತಿರ ಬರುವ ನೋವು ಕೆಲವು ವಾರಗಳಲ್ಲಿ ತಗ್ಗುತ್ತದೆ, ಅದು ನಿಜ. ಚರ್ಮ ಕಿತ್ತುಹೋದದ್ದು ಮಾತ್ರ ತುಳಿಯುತ್ತಾ ಹೋದರೆ ವಾಸಿಯಾಗುವುದಿಲ್ಲ.

ಮೊದಲು ಆ ಗುಳ್ಳೆ. ಇಷ್ಟು ದಿನ ಉಳಿದಿದೆ ಎಂದ ಮೇಲೆ ವೈದ್ಯರಿಗೆ ತೋರಿಸಿ. ಹಿಸುಕಬೇಡಿ, ಸೂಜಿ ಚುಚ್ಚಬೇಡಿ. ಅಲ್ಲಿಯವರೆಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು 10–15 ನಿಮಿಷ ಇಡಿ, ದಿನಕ್ಕೆ ಮೂರು ನಾಲ್ಕು ಸಲ. ಜ್ವರ ಬಂದರೆ, ಸುತ್ತಲಿನ ಕೆಂಪು ಹರಡುತ್ತಾ ಹೋದರೆ ಅಥವಾ ನಿಮಗೆ ಸಕ್ಕರೆ ಕಾಯಿಲೆ ಇದ್ದರೆ ತಡ ಮಾಡಲೇಬೇಡಿ. ಪೂರ್ತಿ ವಾಸಿಯಾಗುವ ತನಕ ಸೈಕಲ್ ಹತ್ತಬೇಡಿ.

ಈಗ ಜೆಲ್ ಕವರ್ ವಿಚಾರ. ಅದನ್ನು ಕಿತ್ತುಹಾಕಿ. ಕೈಯಲ್ಲಿ ಒತ್ತಿದಾಗ ಹಾಯಾಗಿರುತ್ತದೆ, ಅದಕ್ಕೇ ಎಲ್ಲರೂ ಕೊಳ್ಳುತ್ತಾರೆ. ಗಂಟೆಗಟ್ಟಲೆ ಕೂತರೆ ಕಥೆಯೇ ಬೇರೆ. ಕೂರುವ ಎರಡು ಮೂಳೆಗಳು ಜೆಲ್‌ನಲ್ಲಿ ಹೂತುಹೋಗುತ್ತವೆ. ನಡುವಿನ ಜೆಲ್ ಮೇಲೆದ್ದು, ಭಾರ ಹೊರಬಾರದ ಮೃದು ಭಾಗವನ್ನು ಒತ್ತುತ್ತದೆ. ಪ್ರತಿ ತುಳಿತಕ್ಕೂ ಕವರ್ ಅತ್ತಿತ್ತ ಸರಿಯುತ್ತದೆ, ಉಜ್ಜಾಟ ಜಾಸ್ತಿಯಾಗುತ್ತದೆ. ಒತ್ತಡ, ಉಜ್ಜಾಟ, ಬೆವರು, ಈ ಮೂರೂ ಸೇರಿದ ಕಡೆ ಚರ್ಮ ಒಡೆಯುತ್ತದೆ. ಒಡೆದ ಕಡೆ ರೋಗಾಣು ಹೊಕ್ಕರೆ ಕುರು. ನಾನು ದೂರ ಹೋಗುವಾಗ ಗಟ್ಟಿ ಸೀಟನ್ನೇ ಹಾಕಿಕೊಳ್ಳುತ್ತೇನೆ. ಮೂಳೆ ಅದರ ಮೇಲೆ ನೆಟ್ಟಗೆ ಕೂರುವಷ್ಟು ಅಗಲ ಇದ್ದರೆ ಸಾಕು. ಅಗಲ ತಿಳಿಯಲು, ಗಟ್ಟಿ ಸ್ಟೂಲಿನ ಮೇಲೆ ರಟ್ಟಿನ ಡಬ್ಬದ ತುಂಡೊಂದನ್ನು ಇಟ್ಟು, ಮೊಣಕಾಲು ಸ್ವಲ್ಪ ಎತ್ತಿ ಕೂತು ಏಳಿ. ಎರಡು ತಗ್ಗು ಬಿದ್ದಿರುತ್ತವೆ. ಅವುಗಳ ನಡುಭಾಗದಿಂದ ನಡುಭಾಗಕ್ಕೆ ಅಳೆಯಿರಿ. ಸೀಟು ಅದಕ್ಕಿಂತ ಸುಮಾರು 2 ಸೆಂ.ಮೀ. ಅಗಲ ಇರಲಿ.

ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು 'ಬಲಗಡೆ' ಎನ್ನುವ ಮಾತು. ಗಾಯ ಒಂದೇ ಕಡೆ ಆಗಿದ್ದರೆ ನೀವು ಸೀಟಿನ ಮೇಲೆ ಸಮನಾಗಿ ಕೂರುತ್ತಿಲ್ಲ. ಸೀಟಿನ ಮೂತಿ ಸೈಕಲ್ಲಿನ ಉದ್ದದ ಪೈಪಿಗೆ ನೇರವಾಗಿದೆಯಾ, ಹಿಂದೆ ನಿಂತು ನೋಡಿ. ಮುಂದಿನದು ಎತ್ತರ. ಸೀಟು ಎತ್ತರ ಜಾಸ್ತಿಯಾದರೆ ಪೆಡಲ್ ಕೆಳಗೆ ಹೋದಾಗಲೆಲ್ಲ ಕಾಲು ಎಟುಕಿಸಲು ಸೊಂಟ ವಾಲುತ್ತದೆ. ಗಂಟೆಗೆ ಸಾವಿರಾರು ಸಲ! ಹಿಂದಿನಿಂದ ಯಾರಾದರೂ ಮೊಬೈಲ್‌ನಲ್ಲಿ ವಿಡಿಯೊ ಮಾಡಲಿ, ಸೊಂಟ ಕುಣಿಯುತ್ತಿದ್ದರೆ ಗೊತ್ತಾಗಿಬಿಡುತ್ತದೆ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೂರ್ತಿ ಕೆಳಗೆ ತಂದಾಗ ಕಾಲು ಆಗಷ್ಟೇ ನೆಟ್ಟಗಾಗಬೇಕು. ಅಲ್ಲಿಂದ ಶುರುಮಾಡಿ, ಒಂದು ಸಲಕ್ಕೆ 3–4 ಮಿ.ಮೀ.ಗಿಂತ ಹೆಚ್ಚು ಏರಿಳಿಸಬೇಡಿ. ಎರಡೂ ಸರಿಯಿದ್ದು ಮತ್ತೆ ಬಲಗಡೆಯೇ ನೋವಾದರೆ, ಕಾಲುಗಳ ಉದ್ದದಲ್ಲಿ ವ್ಯತ್ಯಾಸ ಇರಬಹುದು. ಬೈಕ್ ಫಿಟ್ಟಿಂಗ್, ಅಂದರೆ ಸೈಕಲ್ಲನ್ನು ನಿಮ್ಮ ಮೈಯಳತೆಗೆ ಹೊಂದಿಸಿಕೊಡುವ ಕೆಲಸ, ಮಾಡುವವರ ಹತ್ತಿರ ಹೋಗಿ.

ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿಯ ಒಳಗೆ ಒಳಉಡುಪು ಹಾಕಬಾರದು. ಇದನ್ನು ಹೇಳಲು ಅಂಗಡಿಯವರೂ ಮುಜುಗರ ಪಡುತ್ತಾರೆ, ಅದಕ್ಕೇ ನಾನೇ ಹೇಳುತ್ತಿದ್ದೇನೆ. ಒಳಉಡುಪಿನ ಹೊಲಿಗೆಯೇ ಚರ್ಮವನ್ನು ಕೊರೆಯುತ್ತದೆ. ಮೂರು ಚಡ್ಡಿ ಇಟ್ಟುಕೊಳ್ಳಿ. ದಿನವೂ ಸೋಪು ಹಾಕಿ ಒಗೆದು, ಒಳಮೈ ಹೊರಗೆ ಮಾಡಿ ಒಣಗಿಸಿ, ತೇವ ಇದ್ದರೆ ಹಾಕಿಕೊಳ್ಳಬೇಡಿ. ಸಂಜೆ ಸೈಕಲ್ ನಿಲ್ಲಿಸಿದ ಕೂಡಲೇ ಬದಲಿಸಿ. ಎಲ್ಲರೂ ಚಹಾ ಕುಡಿಯುತ್ತಿದ್ದರೆ ನಾನು ಚಡ್ಡಿ ಬದಲಿಸಲು ಜಾಗ ಹುಡುಕುತ್ತಿರುತ್ತೇನೆ. ನಗುತ್ತಾರೆ. ನಗಲಿ ಬಿಡಿ.

ಪೌಡರ್ ಬೇಡ, ಬೆವರು ತಗುಲಿದರೆ ಉಂಡೆಗಟ್ಟುತ್ತದೆ. ಇದಕ್ಕೆಂದೇ ಬರುವ ಶ್ಯಾಮಿ ಕ್ರೀಮನ್ನು ಬೆಳಿಗ್ಗೆ ಚರ್ಮಕ್ಕೂ ಪ್ಯಾಡಿಗೂ ಹಚ್ಚಿ, ಮಧ್ಯಾಹ್ನ ಇನ್ನೊಮ್ಮೆ. ರಾತ್ರಿ ತೊಳೆದು ಒಣಗಿಸಿ, ಬರೀ ಕೆಂಪಾಗಿದ್ದರೆ ಮಕ್ಕಳ ಡೈಪರ್ ರ‍್ಯಾಶ್‌ಗೆ ಹಚ್ಚುವ ಜಿಂಕ್ ಆಕ್ಸೈಡ್ ಕ್ರೀಮ್ ಸಾಕು. ಆ ಭಾಗದ ಕೂದಲು ಬೋಳಿಸಬೇಡಿ, ಕೂದಲ ಬುಡದಲ್ಲೇ ಗುಳ್ಳೆಗಳು ಶುರುವಾಗುವುದು. ತುಳಿಯುವಾಗ 10–15 ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಲ್ಲಿ.

ಪ್ರಶ್ನೆ: ಗಾಯವಿಲ್ಲ, ಆದರೆ ಒಂದು ಗಂಟೆ ತುಳಿದರೆ ಮುಂಭಾಗ ಜೋಮು ಹಿಡಿಯುತ್ತದೆ. ಇದೂ ಅದೇನಾ?

ಉತ್ತರ: ಅಲ್ಲ. ಇದು ನರ ಒತ್ತಿಕೊಂಡಿರುವ ಲಕ್ಷಣ, ಸಹಿಸಿಕೊಂಡು ತುಳಿಯಬೇಡಿ. ಸೀಟಿನ ಮೂತಿಯನ್ನು ಒಂದೆರಡು ಡಿಗ್ರಿ ಕೆಳಗೆ ಮಾಡಿ. ಅದಕ್ಕಿಂತ ಜಾಸ್ತಿ ಮಾಡಿದರೆ ಮುಂದಕ್ಕೆ ಜಾರಿ ಭಾರವೆಲ್ಲ ಕೈಗೆ ಬೀಳುತ್ತದೆ. ಹ್ಯಾಂಡಲ್ ಸ್ವಲ್ಪ ಮೇಲೆತ್ತಿ, ನಡುವೆ ಸೀಳಿರುವ ಸೀಟು ಹಾಕಿ ನೋಡಿ. ಇಳಿದ ಮೇಲೂ ಜೋಮು ಬಿಡದಿದ್ದರೆ ವೈದ್ಯರನ್ನು ಕಾಣಿ.