ಗಾಡಿ ಯಾರದು? ನಿವೃತ್ತ ಎಂಜಿನಿಯರೊಬ್ಬರ ಆಪ್ತಸಲಹೆ ಪ್ರಕರಣ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಕಲಬುರಗಿ ಜಿಲ್ಲೆಯ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿ ದುಡಿದು ನಿವೃತ್ತರಾದ, ಅರವತ್ತು ದಾಟಿದ ಹಿರಿಯರೊಬ್ಬರು ನಿದ್ದೆ ಬರುತ್ತಿಲ್ಲವೆಂದು ನನ್ನಲ್ಲಿಗೆ ಬಂದರು. ಅವರು ತಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಪ್ರೌಢಶಾಲೆಯ ಮಕ್ಕಳ ರೋಬೋಟಿಕ್ಸ್ ತಂಡಕ್ಕೆ ಮಾರ್ಗದರ್ಶನ ಮಾಡುತ್ತಿದ್ದರು. ತಂಡದ ನಾಯಕಿಯಾಗಿದ್ದ ಒಂಬತ್ತನೆಯ ತರಗತಿಯ ಹುಡುಗಿ ಬರುವುದನ್ನೇ ನಿಲ್ಲಿಸಿದ್ದಳು. ಇಷ್ಟು ಮಾಡಿಯೂ ಮಕ್ಕಳಿಗೆ ತಾವು ಬೇಡವಾದೆವೆಂಬ ನೋವು ಅವರನ್ನು ಕಾಡುತ್ತಿತ್ತು.

ಮಕ್ಕಳು ಆರ್ಡುಯಿನೋ ಎಂಬ, ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು ಬಳಸಿ, ಕಪ್ಪು ಗೆರೆಯನ್ನು ಹಿಡಿದು ಸಾಗುವ ಗಾಡಿಯೊಂದನ್ನು ಕಟ್ಟಿದ್ದರು. ಮೋಟಾರು ತಿರುಗಿದೊಡನೆ ಬೋರ್ಡು ರೀಸೆಟ್ ಆಗಿ, ಪ್ರೋಗ್ರಾಂ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಎರಡಕ್ಕೂ ಒಂದೇ ಬ್ಯಾಟರಿ ಇರುವುದರಿಂದ, ಮೋಟಾರು ಹೊರಡುವಾಗ ಎಳೆಯುವ ಹೆಚ್ಚಿನ ಕರೆಂಟಿಗೆ ವೋಲ್ಟೇಜ್ ಕುಸಿಯುತ್ತಿದೆ ಎಂಬುದು ಹಿರಿಯರಿಗೆ ನೋಡಿದ ಕೂಡಲೇ ಹೊಳೆಯಿತು. ಸ್ಪರ್ಧೆಯ ಹಿಂದಿನ ರಾತ್ರಿ ಅವರು ಗಾಡಿಯನ್ನು ಮನೆಗೊಯ್ದು, ಮೋಟಾರಿಗೆ ಬೇರೆ ಬ್ಯಾಟರಿ ಕೊಟ್ಟು, ಗ್ರೌಂಡ್ ತಂತಿಗಳನ್ನು ಒಂದುಗೂಡಿಸಿ, ಹುಡುಗಿ ಬರೆದಿದ್ದ ಪ್ರೋಗ್ರಾಮನ್ನು ಅಳಿಸಿ, ಗಾಡಿ ಗೆರೆಯಿಂದ ಎಷ್ಟು ಸರಿದಿದೆಯೆಂದು ನೋಡುತ್ತ ಸತತವಾಗಿ ತಿದ್ದುವ ಪಿಐಡಿ ನಿಯಂತ್ರಣದ ಹೊಸದನ್ನು ಬರೆದರು. ಗಾಡಿ ಚೆನ್ನಾಗಿ ಓಡಿತು. ಆದರೆ ಅದು ಹೇಗೆ ಓಡುತ್ತದೆಂದು ತೀರ್ಪುಗಾರರು ಕೇಳಿದಾಗ ನಾಯಕಿಗೆ ಉತ್ತರ ಹೊರಡಲಿಲ್ಲ. ಫಸ್ಟ್ ಲೆಗೋ ಲೀಗ್, ವರ್ಲ್ಡ್ ರೋಬೋಟ್ ಒಲಿಂಪಿಯಾಡ್‌ಗಳಂತಹ ಸ್ಪರ್ಧೆಗಳು ಕಟ್ಟುವ ಹಾಗೂ ಪ್ರೋಗ್ರಾಂ ಬರೆಯುವ ಕೆಲಸ ಮಕ್ಕಳದೇ ಆಗಿರಬೇಕೆಂದು ನಿಯಮ ಮಾಡಿರುವುದು ಸುಮ್ಮನೆ ಅಲ್ಲ.

ಹಿರಿಯರ ಒಪ್ಪಿಗೆಯಿಂದ ಹುಡುಗಿಯನ್ನೂ ಅವಳ ತಾಯಿಯನ್ನೂ ಭೇಟಿಯಾದೆ. ಅವಳಲ್ಲಿ ಸಿಟ್ಟಿರಲಿಲ್ಲ. "ಸರ್ ಭಾಳ ಒಳ್ಳೇವ್ರು ಅದಾರ್ರಿ. ಆದ್ರ ಆ ಗಾಡಿ ಈಗ ಅವರದಾಗ್ಯದ್ರಿ" ಎಂದಳು.

ಹದಿಹರೆಯದಲ್ಲಿ ತಾನು ಯಾರು ಎಂಬ ಪ್ರಶ್ನೆ ಮುಖ್ಯವಾದರೆ, ನಡುವಯಸ್ಸಿನಿಂದ ಮೊದಲ್ಗೊಂಡು ಮುಂದಿನ ಪೀಳಿಗೆಗೆ ಏನನ್ನಾದರೂ ಕೊಡುವ ಹಂಬಲ ಬಲವಾಗಿರುತ್ತದೆ ಎಂದು ಮನೋವಿಜ್ಞಾನಿ ಎರಿಕ್ ಎರಿಕ್‌ಸನ್ ವಿವರಿಸಿದ್ದಾರೆ. ಇವೆರಡೂ ಒಂದಕ್ಕೊಂದು ಆಸರೆಯಾಗಬಲ್ಲವು. ಇಲ್ಲಿ ಮಾತ್ರ ಡಿಕ್ಕಿ ಹೊಡೆದಿದ್ದವು. ಅದರ ಕಾರಣ ಹಿರಿಯರ ವೃತ್ತಿಯಲ್ಲೇ ಇತ್ತೆಂದು ನನಗೆ ಅನಿಸಿತು. ಕಾರ್ಖಾನೆಯಲ್ಲಿ ಕಿಲ್ನ್, ಎಂದರೆ ಸಿಮೆಂಟಿನ ಕಚ್ಚಾವಸ್ತು ಸುಡುವ ಕುಲುಮೆ, ನಿಂತರೆ ಗಂಟೆಗಂಟೆಗೂ ನಷ್ಟ. ಗೊತ್ತಿದ್ದವರು ತಕ್ಷಣ ಕೈಹಾಕಿ ಸರಿಪಡಿಸುವುದೇ ಅಲ್ಲಿಯ ಧರ್ಮ. ಮಕ್ಕಳ ಕೋಣೆಯಲ್ಲಿ ನಿಂತುಹೋದ ಗಾಡಿಯೇ ಆ ದಿನದ ಪಾಠ. "ಮೊದಲು ನಡುರಾತ್ರಿ ಫೋನ್ ಬರ್ತಿತ್ರಿ, ಈಗ ಯಾರೂ ಕರೆಯೂದಿಲ್ಲ" ಎಂದು ಅವರು ಹೇಳಿದಾಗ, ನಿದ್ದೆಗೆಟ್ಟ ರಾತ್ರಿಗಳ ಮೂಲ ಹುಡುಗಿಯ ಗೈರುಹಾಜರಿಗಿಂತ ಹಿಂದಿನದೆಂಬುದು ಸ್ಪಷ್ಟವಾಯಿತು. ಕೆಲಸ ಕಳೆದುಕೊಂಡ ದುಃಖವನ್ನು ಅವರು ಯಾರೊಡನೆಯೂ ಆಡಿರಲಿಲ್ಲ. ನಮ್ಮ ಹೆಚ್ಚಿನ ಭೇಟಿಗಳು ಅದಕ್ಕೇ ಮೀಸಲಾದವು.

ತಂಡದ ವಿಷಯದಲ್ಲಿ ನಾನು ಕೊಟ್ಟ ಸಲಹೆ ಇಷ್ಟು. ಹುಡುಗಿಯ ಕ್ಷಮೆಯನ್ನು ಇಡೀ ತಂಡದ ಎದುರಿಗೆ, "ನಿನ್ನ ಪ್ರೋಗ್ರಾಮನ್ನು ಕೇಳದೆ ಅಳಿಸಿದೆ" ಎಂದು ತಪ್ಪನ್ನು ಹೆಸರಿಸಿಯೇ ಕೇಳಬೇಕು. "ಏನಾದರೂ ಬೇಜಾರಾಗಿದ್ದರೆ" ಎಂಬ ಮಾತು ಸಾಲದು. ಉಪಕರಣಗಳು ಮಕ್ಕಳ ಕೈಯಲ್ಲೇ ಇರಬೇಕು. ಲಿಥಿಯಂ ಬ್ಯಾಟರಿ, ಬೆಸುಗೆ, ಮನೆಯ ವಿದ್ಯುತ್ತು, ಈ ಅಪಾಯಗಳಲ್ಲಿ ಮಾತ್ರ ಕೂಡಲೇ ಅಡ್ಡಬರಬೇಕು. ಉಳಿದಂತೆ, ಮೋಟಾರು ತಿರುಗುವಾಗ ಬ್ಯಾಟರಿಯ ವೋಲ್ಟೇಜ್ ಎಷ್ಟಿದೆಯೆಂದು ಮಲ್ಟಿಮೀಟರಿನಲ್ಲಿ ಅಳೆದು ನೋಡಲು ಹೇಳಿ, ಕಂಡದ್ದೇನೆಂದು ಕೇಳಿ, ಉತ್ತರಕ್ಕೆ ಕಾಯಬೇಕು. ಹಿರಿಯರ ಅನುಭವಕ್ಕೆ ನಿಜವಾದ ಬೆಲೆ ಬರುವುದು ಇಂಥ ಒಂದು ಪ್ರಶ್ನೆಯಲ್ಲಿಯೇ ಎಂದು ನಾನು ದೃಢವಾಗಿ ನಂಬಿದ್ದೇನೆ. ತರಬೇತಿಯ ವೇಳೆ ಪೋಷಕರೊಬ್ಬರು ಜೊತೆಗಿರುವುದು ಮಕ್ಕಳಿಗೂ ಹಿರಿಯರಿಗೂ ಕ್ಷೇಮ. ಸ್ವಂತಕ್ಕೊಂದು ಯಂತ್ರವನ್ನು ಮನೆಯ ಮೇಜಿನ ಮೇಲೆ ಕಟ್ಟಿಕೊಳ್ಳಲಿ, ಅಲ್ಲಿ ಅವರ ಕೈಗೆ ತಡೆಯಿಲ್ಲ ಎಂದೂ ತಿಳಿಸಿದೆ. ನಿದ್ದೆಯ ತೊಂದರೆಗೆ ವೈದ್ಯರ ತಪಾಸಣೆಯನ್ನೂ ಸೂಚಿಸಿದೆ.

ಅವರು ಕ್ಷಮೆ ಕೇಳಿದ್ದಾರೆ. ಹುಡುಗಿ ತಂಡಕ್ಕೆ ಮರಳಿದ್ದಾಳೆ, ನಾಯಕತ್ವವನ್ನು ಇನ್ನೂ ಒಪ್ಪಿಕೊಂಡಿಲ್ಲ. ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಆ ಮಾತನ್ನು ಎತ್ತಬೇಡಿರೆಂದು ಹಿರಿಯರಿಗೆ ಹೇಳಿದ್ದೇನೆ.